‘ಇತರೆ’ ಕಾರಣದ ಮೇಲೆ ನಾಲ್ಕು ದಿನಗಳ ಸಮುದ್ರ

ಇಂದ,
ನಾಲ್ಕನೇ ತರಗತಿ ‘ಬಿ’ ವಿಭಾಗದಲ್ಲಿ ಕಿಟಕಿ ಪಕ್ಕದ ಎರಡನೇ ಬೆಂಚಿನ ವಿದ್ಯಾರ್ಥಿನಿಯ ತಾಯಿ
(ತಮ್ಮ ಶಾಲೆಯ ಸಮವಸ್ತ್ರ ಹೊಲಿಯುವವಳು, ಮೂರನೇ ನಂಬರ್ ವ್ಯಾನಿನ ಚಾಲಕರ ಹೆಂಡತಿ, ಮೂವರೂ ಒಬ್ಬಳೇ)

ಗೆ,
ಮಾನ್ಯ ಮುಖ್ಯೋಪಾಧ್ಯಾಯಿನಿಯವರು,
ಮೊದಲನೇ ಮಹಡಿ, ಟ್ರೋಫಿಗಳ ಗಾಜಿನ ಕಪಾಟಿನ ಎದುರಿನ ಕೋಣೆ

ವಿಷಯ: ಶಾಲೆ ತೆರೆದಿರುವಾಗಲೇ ಒಬ್ಬ ವಿದ್ಯಾರ್ಥಿನಿಗೆ ನಾಲ್ಕು ದಿನಗಳ ಮಟ್ಟಿಗೆ ಸಮುದ್ರ ಮಂಜೂರು ಮಾಡುವ ಕುರಿತು.

ಉಲ್ಲೇಖ:
೧. ತಮ್ಮ ಗುಲಾಬಿ ಬಣ್ಣದ ರಜಾಪಟ್ಟಿ.
೨. ರಜೆ ಕೋರಿಕೆ ನಮೂನೆ ಮತ್ತು ಅದರಲ್ಲಿರುವ ‘ಇತರೆ’ ಎಂಬ ಕಾಲಂ (ಉದ್ದ ಒಂದೂವರೆ ಬೆರಳು, ಟೇಪು ಹಿಡಿದು ಅಳೆಯಲಾಗಿದೆ).
೩. ವಿದ್ಯಾರ್ಥಿನಿಯ ಡೈರಿಯಲ್ಲಿ ತರಗತಿ ಶಿಕ್ಷಕಿಯವರು ಕೆಂಪು ಶಾಯಿಯಲ್ಲಿ ಬರೆದ ‘ಇಂದು ಜಡೆ ಒಂದೇ ಇದೆ. ಪೋಷಕರು ಗಮನಿಸುವುದು’ ಎಂಬ ಟಿಪ್ಪಣಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೂರನೆಯ ಉಲ್ಲೇಖದಿಂದಲೇ ಆರಂಭಿಸುವುದು ಸೂಕ್ತವೆಂದು ಅರ್ಜಿದಾರಳು ಭಾವಿಸುತ್ತಾಳೆ. ಕಾರಣ, ಆ ದಿನ ಜಡೆ ಒಂದೇ ಇದ್ದುದಕ್ಕೂ ಈ ಅರ್ಜಿಗೂ ನೇರ ಸಂಬಂಧವಿದೆ.

೧. ಕಳೆದ ಸೋಮವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಅರ್ಜಿದಾರಳು ವಿದ್ಯಾರ್ಥಿನಿಯನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಬಲಗಡೆಯ ಜಡೆ ಮುಗಿದು ರಿಬ್ಬನ್ನು ಕಟ್ಟಿಯಾಗಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿಯುವಷ್ಟರಲ್ಲಿ ಹೊಲಿಗೆ ಯಂತ್ರದ ಮೇಲೆ, ಕತ್ತರಿಯ ಕೆಳಗೆ, ಚಾಲಕರ ಫೋನು ಹೊಡೆದುಕೊಂಡಿತು. ಚಾಲಕರು ಹೊರಗೆ ವ್ಯಾನಿನ ಗಾಜು ಒರೆಸುತ್ತಿದ್ದರು. ಆದ್ದರಿಂದ ಅರ್ಜಿದಾರಳು ಒಂದು ಕೈಯಲ್ಲಿ ಕೂದಲು, ಒಂದು ಕೈಯಲ್ಲಿ ಫೋನು ಹಿಡಿದಳು. ಆ ಕಡೆ ಇದ್ದವರು ಸಮುದ್ರತೀರದ ಲಾಡ್ಜಿನ ಮ್ಯಾನೇಜರು.

“ಡ್ರೈವರಣ್ಣ ಇದಾರಾ?”

“ಗಾಡಿ ಒರೆಸ್ತಿದಾರೆ. ನಾನು ಅವರ ಮನೆಯವಳು, ಹೇಳಿ.”

“ಅಕ್ಕಾ, ನಮ್ಮ ಲಾಡ್ಜು ಮಾರಿಬಿಟ್ರು. ಒಂದನೇ ತಾರೀಕಿಂದ ಹೊಸ ಓನರು. ಅಣ್ಣನ ಹತ್ರ ನಮ್ಮ ಕಾರ್ಡಿದೆಯಲ್ಲ, ಅದನ್ನ ಅವರು ಮೂಸಿಯೂ ನೋಡಲ್ಲ. ಈ ತಿಂಗಳೊಳಗೆ ಬಂದು ಇದ್ದು ಹೋಗ್ಬಿಡಿ. ಕೊನೇ ವಾರ ಸೋಮವಾರದಿಂದ ಒಂದು ರೂಮು ಹಿಡಿದಿಟ್ಟಿರ್ತೀನಿ. ಬರೋ ಶುಕ್ರವಾರದೊಳಗೆ ಹೂಂ ಅನ್ನಿ.”

“ಹೂಂ ಅನ್ನದೇ ಇದ್ರೆ?”

“ಆ ಕಾರ್ಡು ಬೆನ್ನು ಕೆರ್ಕೊಳ್ಳೋಕೆ ಚೆನ್ನಾಗಿದೆ ಅಕ್ಕಾ, ಗಟ್ಟಿ ರಟ್ಟು.”

ಎಡಗಡೆಯ ಕೂದಲು ಅರ್ಜಿದಾರಳ ಕೈಯಿಂದ ಜಾರಿತು. ಅಷ್ಟರಲ್ಲಿ ಚಾಲಕರು ಹಾರ್ನ್ ಹೊಡೆದರು. ಸ್ವಂತ ಅಪ್ಪನ ವ್ಯಾನಾದರೂ ಏಳಕ್ಕೆ ಹೊರಡುವುದು ಏಳಕ್ಕೇ. ಆದಕಾರಣ ವಿದ್ಯಾರ್ಥಿನಿಯು ಒಂದು ಜಡೆ, ಒಂದು ಪೊದೆಯೊಂದಿಗೆ ತಮ್ಮ ಶಾಲೆಗೆ ಹಾಜರಾದಳು. ಗೈರುಹಾಜರಾಗಲಿಲ್ಲ ಎಂಬುದನ್ನು ತಾವು ದಯವಿಟ್ಟು ಗುರುತು ಮಾಡಿಕೊಳ್ಳಬೇಕು.

೨. ಮೇಲೆ ಹೇಳಿದ ಕಾರ್ಡಿನ ಬಗ್ಗೆ: ಪ್ರವಾಸಿಗರನ್ನು ಆ ಲಾಡ್ಜಿನ ಬಾಗಿಲಿಗೆ ತಂದು ಇಳಿಸುವ ಚಾಲಕರಿಗೆ ಅಲ್ಲಿಯವರು ಒಂದು ರಟ್ಟಿನ ಕಾರ್ಡು ಕೊಡುತ್ತಾರೆ. ಒಂದು ಸಂಸಾರ ತಂದರೆ ಒಂದು ಮುದ್ರೆ. ಇಪ್ಪತ್ತು ಮುದ್ರೆ ತುಂಬಿದರೆ ಚಾಲಕರು ಅಥವಾ ಅವರ ಮನೆಯವರು ಒಂದು ರಾತ್ರಿ ಬಾಡಿಗೆಯಿಲ್ಲದೆ ಇರಬಹುದು, ಊಟ ಸಹಿತ. ನಮ್ಮ ಚಾಲಕರು ಹನ್ನೊಂದು ವರ್ಷಗಳಲ್ಲಿ ಮೂರು ಕಾರ್ಡು ತುಂಬಿಸಿದ್ದಾರೆ. ನಾಲ್ಕನೆಯದರಲ್ಲಿ ಹನ್ನೊಂದು ಮುದ್ರೆಗಳಿವೆ. ಈ ಸಂಪತ್ತನ್ನು ವ್ಯಾನಿನಲ್ಲಿ ತಮ್ಮ ತಲೆಯ ಮೇಲಿನ ಬಿಸಿಲು ಮರೆಯ ಹಿಂದೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದಾರೆ. ಮನೆಯ ಪತ್ರಗಳಿಗೂ ಅವರು ಅಷ್ಟು ಗಟ್ಟಿ ರಬ್ಬರ್ ಬ್ಯಾಂಡ್ ಹಾಕಿಲ್ಲ.

ಕಾರ್ಡಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: ‘ವಾರಾಂತ್ಯ ಹಾಗೂ ಶಾಲಾ ರಜಾದಿನಗಳಲ್ಲಿ ಅನ್ವಯಿಸುವುದಿಲ್ಲ.’

ಶಾಲಾ ರಜಾದಿನಗಳು ಯಾವುವೆಂದು ಲಾಡ್ಜಿನವರು ಯಾರನ್ನೂ ಕೇಳುವುದಿಲ್ಲ. ಕೌಂಟರಿನ ಹಿಂದೆ ಮೊಳೆ ಹೊಡೆದು ತಮ್ಮ ಶಾಲೆಯದೇ ಗುಲಾಬಿ ರಜಾಪಟ್ಟಿಯನ್ನು ತೂಗುಹಾಕಿದ್ದಾರೆ, ಅದರ ಪಕ್ಕದಲ್ಲೇ ಬಾಡಿಗೆಯ ಹಲಗೆ. ತಾವು ಗಂಟೆ ಬಾರಿಸಿ ಮಕ್ಕಳನ್ನು ಬಿಟ್ಟ ದಿನ ಅವರು ಹಲಗೆಯನ್ನು ಒರೆಸಿ ಒಂದಕ್ಕೆ ಮೂರು ಎಂದು ಬರೆಯುತ್ತಾರೆ. ತಾವು ಬಾಗಿಲು ತೆರೆದ ದಿನ ಮತ್ತೆ ಒರೆಸುತ್ತಾರೆ. ಇಷ್ಟು ದೂರದಿಂದ ತಾವು ಸಮುದ್ರದ ಬೆಲೆ ಏರಿಸಿ ಇಳಿಸುತ್ತಿರುವುದು ತಮ್ಮ ಗಮನಕ್ಕೆ ಬಂದಿರಲಾರದು.

೩. ಹಾಗಿದ್ದರೆ ರಜೆಯಲ್ಲಿ ಕಾರ್ಡಿಲ್ಲದೆ, ದುಡ್ಡು ಕೊಟ್ಟು ಹೋಗಬಾರದೇ ಎಂದು ತಾವು ಕೇಳಬಹುದು. ಒಮ್ಮೆ ಚಾಲಕರು ಲೆಕ್ಕ ಹಾಕಲು ಕುಳಿತರು. ಅರ್ಧಕ್ಕೆ ಪೆನ್ನಿನ ಮುಚ್ಚಳ ಹಾಕಿ, “ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಬಿಡು” ಎಂದರು. ಮುಂದಿನ ಲೆಕ್ಕ ದಾಖಲೆಯಲ್ಲಿಲ್ಲ.

ದುಡ್ಡಿನ ಮಾತು ಹಾಗಿರಲಿ. ಶಾಲೆ ಮುಚ್ಚಿದ ಮರುದಿನವೇ ವ್ಯಾನಿನ ಯಜಮಾನರು ‘ಶಾಲಾ ವಾಹನ’ ಎಂಬ ಹಲಗೆ ಬಿಚ್ಚಿ ‘ಪ್ರವಾಸಿ’ ಎಂಬ ಹಲಗೆ ಸಿಕ್ಕಿಸುತ್ತಾರೆ. ಅದೇ ಸೀಟು, ಅದೇ ಚಾಲಕರು. ರಜೆ ಮುಗಿಯುವವರೆಗೆ ಅವರು ಊರವರನ್ನೆಲ್ಲ ಸಮುದ್ರಕ್ಕೆ ಹೊತ್ತು ಹಾಕುತ್ತಿರುತ್ತಾರೆ. ಇತ್ತ ಅರ್ಜಿದಾರಳ ಮನೆಯ ಮುಂದಿನ ಕೋಣೆಯಲ್ಲಿ, ಬಾಗಿಲು ಪೂರ್ತಿ ತೆರೆಯಲೂ ಆಗದಷ್ಟು ನೀಲಿ ಬಟ್ಟೆಯ ಥಾನುಗಳು ಬಂದು ಬೀಳುತ್ತವೆ. ಶಾಲೆ ತೆರೆಯುವ ದಿನಕ್ಕೆ ಇನ್ನೂರ ಹನ್ನೆರಡು ಮಕ್ಕಳ ಸಮವಸ್ತ್ರ ತಯಾರಿರಬೇಕು. ಶಾಲೆ ಇರುವಾಗ ನಮಗೆ ಶಾಲೆ, ಶಾಲೆ ಇಲ್ಲದಿರುವಾಗ ನಮಗೆ ಕೆಲಸ. ಗುಲಾಬಿ ಪಟ್ಟಿಯನ್ನು ಅರ್ಜಿದಾರಳು ತಲೆಕೆಳಗಾಗಿ ಹಿಡಿದೂ ನೋಡಿದ್ದಾಳೆ. ನಾವು ಮೂವರೂ ಬಿಡುವಾಗಿರುವ ಒಂದು ದಿನ ಅದರಲ್ಲಿಲ್ಲ.

೪. ಅಳತೆ ಕೊಡಲು ಬರುವ ಮಕ್ಕಳು ರಜೆಯಿಂದ ನೇರವಾಗಿ ಬರುತ್ತಾರೆ. ಕತ್ತಿನ ಹಿಂದೆ ಚರ್ಮ ಸುಲಿದಿರುತ್ತದೆ. ಟೇಪು ತಾಗಿದರೆ “ಆಂಟಿ, ಉರಿ!” ಎನ್ನುತ್ತಾರೆ. ಅರ್ಜಿದಾರಳು ಅಳೆದು ಹೇಳುತ್ತಾಳೆ, ವಿದ್ಯಾರ್ಥಿನಿಯು ಸ್ಟೂಲಿನ ಮೇಲೆ ಕುಳಿತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಭುಜ ಹನ್ನೆರಡು, ಸೊಂಟ ಇಪ್ಪತ್ತೆರಡು.

“ನೀನು ಸಮುದ್ರಕ್ಕೆ ಹೋಗಿದ್ಯಾ?” ಎಂದು ಈ ಸಲ ಒಬ್ಬಳು ಕೇಳಿದಳು.

“ನಮ್ಮಪ್ಪ ದಿನಾ ಹೋಗ್ತಾರೆ” ಎಂದು ಇವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

ಆ ಹುಡುಗಿಯ ಸೊಂಟದ ಅಳತೆಯನ್ನು ಇವಳು ಎರಡಿಂಚು ಕಡಿಮೆ ಬರೆದಿದ್ದಳೆಂಬುದು ಬಟ್ಟೆ ಹೊಲಿದ ಮೇಲೆ ಗೊತ್ತಾಯಿತು. ಅರ್ಜಿದಾರಳು ಬಿಚ್ಚಿ ಸಡಿಲ ಮಾಡಿಕೊಟ್ಟಳು. ವಿದ್ಯಾರ್ಥಿನಿಯನ್ನು ಗದರಲಿಲ್ಲ.

(ಇಲ್ಲಿ ಕುಕ್ಕರ್ ಕೂಗಿದ್ದರಿಂದ ಅರ್ಜಿಯನ್ನು ಸ್ವಲ್ಪ ಹೊತ್ತು ತಡೆಹಿಡಿಯಲಾಗಿತ್ತು. ಮೂರು ಕೂಗೋ ನಾಲ್ಕೋ ಎಂಬುದು ತಿಳಿಯದೆ ಇನ್ನೊಂದು ಕೂಗಿಸಲಾಯಿತು. ಮೇಲಿನ ಎಡಮೂಲೆಯ ಕಲೆ ಬೇಳೆಯದು. ಕ್ಷಮೆಯಿರಲಿ.)

೫. ಶಾಲೆ ತೆರೆದ ಮೊದಲ ವಾರದಲ್ಲಿ ತಾವು ಪ್ರತಿವರ್ಷವೂ ಮಕ್ಕಳಿಂದ ‘ರಜೆಯಲ್ಲಿ ನಾನು ಕಂಡ ಸ್ಥಳ’ ಎಂಬ ಪ್ರಬಂಧ ಬರೆಸುತ್ತೀರಿ. ಹಿಂದಿನ ವರ್ಷಗಳಲ್ಲಿ ವಿದ್ಯಾರ್ಥಿನಿಯು ತರಕಾರಿ ಮಾರುಕಟ್ಟೆ, ದಂತವೈದ್ಯರ ಕೋಣೆ ಮುಂತಾದ ಸ್ಥಳಗಳನ್ನು ಕಂಡು ತೃಪ್ತಿಕರ ಅಂಕ ಪಡೆದಿದ್ದಳು. ಈ ವರ್ಷ ಅವಳು ಸಮುದ್ರವನ್ನು ಬರೆದಳು. ಅಪ್ಪ ಹೋಗಿದ್ದಾರೆ, ಅಪ್ಪ ದಿನಾ ರಾತ್ರಿ ಊಟಕ್ಕೆ ಕೂತು ಹೇಳಿದ್ದಾರೆ, ಅಂದಮೇಲೆ ತಾನೇ ಕಂಡಂತೆ ಎಂಬುದು ಅವಳ ತಿಳಿವಳಿಕೆ. ಸದರಿ ಪ್ರಬಂಧದ ಮುಖ್ಯ ಭಾಗ ಹೀಗಿದೆ:

‘ಸಮುದ್ರವು ತುಂಬಾ ದೊಡ್ಡದು. ಅಲ್ಲಿ ಅರವತ್ತು ಕಾರು, ಹದಿನೆಂಟು ವ್ಯಾನು ನಿಲ್ಲಬಹುದು. ಬಸ್ಸು ಬಂದರೆ ಕಷ್ಟ. ಬೇವಿನ ಮರದ ಕೆಳಗೆ ನೆರಳಿದೆ, ಆದರೆ ಕಾಗೆಗಳ ಕಾಟವಿರುವುದರಿಂದ ಅಲ್ಲಿ ನಿಲ್ಲಿಸಬಾರದು. ಸಮುದ್ರಕ್ಕೆ ಹೋದವರು ನಗುತ್ತಾ ಹೋಗುತ್ತಾರೆ. ಬರುವಾಗ ಒದ್ದೆಯಾಗಿ, ಹಸಿದು, ಜಗಳವಾಡುತ್ತಾ ಬರುತ್ತಾರೆ. ಒಂದು ಚಪ್ಪಲಿ ಇರುವುದಿಲ್ಲ. ಸಮುದ್ರದ ನೀರು ಸೀಟಿನಿಂದ ಒಣಗಲು ಎರಡು ದಿನ ಬೇಕು. ಮರಳು ಹೋಗುವುದೇ ಇಲ್ಲ.’

ತರಗತಿ ಶಿಕ್ಷಕಿಯವರು ಇದಕ್ಕೆ ಹತ್ತಕ್ಕೆ ಮೂರು ಅಂಕ ಕೊಟ್ಟು, ಪಕ್ಕದಲ್ಲಿ ‘ಇದು ಸಮುದ್ರವಲ್ಲ. ಸಮುದ್ರ ನೋಡಿ ಬರೆ’ ಎಂದು ಷರಾ ಬರೆದಿರುತ್ತಾರೆ. ಅವರ ಷರಾವನ್ನು ಅರ್ಜಿದಾರಳು ಪೂರ್ಣವಾಗಿ ಒಪ್ಪುತ್ತಾಳೆ. ಈ ಅರ್ಜಿಯು ಸದರಿ ಷರಾವನ್ನು ಪಾಲಿಸುವ ಸಲುವಾಗಿಯೇ ಎಂದು ತಾವು ಭಾವಿಸಿದರೂ ಅಡ್ಡಿಯಿಲ್ಲ.

೬. ಪ್ರಬಂಧ ಮರಳಿ ಬಂದ ದಿನದಿಂದ, ಅಂದರೆ ಹೆಚ್ಚುಕಡಿಮೆ ಎರಡು ತಿಂಗಳಿಂದ, ವಿದ್ಯಾರ್ಥಿನಿಯ ನಡತೆಯಲ್ಲಿ ಬದಲಾವಣೆ ಕಂಡುಬಂದಿದೆ. ಈ ಮಗುವಿಗೆ ಮನೆಯಲ್ಲಿ ‘ಪ್ರಶ್ನೆಪತ್ರಿಕೆ’ ಎಂದು ಹೆಸರು, ಹೆಸರಿಟ್ಟವರು ಚಾಲಕರು. ವ್ಯಾನು ತಿರುಗುವಾಗ ಚಂದ್ರ ಯಾಕೆ ನಮ್ಮ ಜೊತೆ ತಿರುಗುತ್ತಾನೆ, ಗುಂಡಿಗೆ ನಾಲ್ಕು ತೂತು ಯಾಕೆ, ಮೂರು ಸಾಲದಾ ಎಂದು ಎದ್ದಾಗಿನಿಂದ ಮಲಗುವವರೆಗೆ ಕೊರೆಯುವವಳು ಈಗ ಬಾಯಿ ತೆರೆದು ಮುಚ್ಚುತ್ತಾಳೆ. ಜಡೆ ಹಾಕುವಾಗ ಒಮ್ಮೆ, ಡಬ್ಬಿ ಕಟ್ಟುವಾಗ ಒಮ್ಮೆ.

“ಏನೇ?”

“ಏನಿಲ್ಲ.”

“ಏನೋ ಕೇಳೋಕೆ ಬಂದೆಯಲ್ಲ.”

“ಮರೆತೋಯ್ತು.”

ಅವಳಿಗೆ ಮರೆಯುವುದಿಲ್ಲ, ಮಾನ್ಯರೇ. ಹೋದ ವರ್ಷ ಅರ್ಜಿದಾರಳು ಕೊಡಿಸುತ್ತೇನೆಂದು ಹೇಳಿ ತಪ್ಪಿಸಿಕೊಂಡ ಪೆನ್ಸಿಲ್ ಡಬ್ಬಿಯ ಬಣ್ಣವನ್ನು ಅವಳು ಇಂದಿಗೂ ಹೇಳಬಲ್ಲಳು. ಅದು ಯಾವ ಪ್ರಶ್ನೆಯೆಂದು ಅರ್ಜಿದಾರಳು ಊಹಿಸಿದ್ದಾಳೆ. ‘ನಮ್ಮ ಹತ್ರ ದುಡ್ಡಿಲ್ವಾ ಅಮ್ಮ’ ಎಂಬುದೇ ಇರಬೇಕು. ಒಂಬತ್ತು ವರ್ಷದ ಮಗು ನುಂಗಿಕೊಳ್ಳಬಹುದಾದ ಬೇರೆ ಯಾವ ಪ್ರಶ್ನೆಯಿದೆ? ಅದಕ್ಕೆ ಕೊಡಬೇಕಾದ ಉತ್ತರವನ್ನು ಅರ್ಜಿದಾರಳು ಕಾಜಾ ಹೊಲಿಯುತ್ತಾ, ಪಾತ್ರೆ ತಿಕ್ಕುತ್ತಾ ನಾಲ್ಕು ರೀತಿಯಲ್ಲಿ ತಯಾರಿಸಿಟ್ಟುಕೊಂಡಿದ್ದಾಳೆ. ಪ್ರಶ್ನೆ ಬಂದಿಲ್ಲ.

೭. ಸುಳ್ಳು ಹೇಳುವ ಮಾರ್ಗವನ್ನೂ ಪರಿಶೀಲಿಸಲಾಗಿದೆ. ಮೇಲಿನ ಮನೆಯ ಅಕ್ಕ ಈ ವಿಷಯದಲ್ಲಿ ಪಳಗಿದವರು. ಅವರ ಮಗನ ರಜೆಗಾಗಿ ಅವರ ಅತ್ತೆಯವರು ತಮ್ಮ ಶಾಲೆಯ ಕಡತದಲ್ಲಿ ಇದುವರೆಗೆ ಮೂರು ಸಲ ತೀರಿಕೊಂಡಿದ್ದಾರೆ.

“ನಿಂಗೆ ಅಷ್ಟೂ ಗೊತ್ತಾಗಲ್ವಾ? ಒಂದು ಸಾವು ಬರೆದು ಬಿಸಾಕು” ಎಂದು ಅವರು ಮೆಟ್ಟಿಲ ಮೇಲಿಂದಲೇ ಹೇಳಿದರು.

“ಯಾರದು ಬರೀಲಿ ಅಕ್ಕಾ? ನಮ್ಮ ಕಡೆ ಹಿರಿಯರು ಯಾರೂ ಉಳಿದಿಲ್ಲ.”

“ನಮ್ಮತ್ತೇನೇ ತಗೋ. ಅವರಿಗೇನು, ರೂಢಿಯಾಗಿದೆ.”

ಒಳಗಿನಿಂದ ಅತ್ತೆಯವರು, “ಈ ಸಲ ಹೃದಯಾಘಾತ ಬೇಡ ಕಣಮ್ಮ, ಎರಡು ಸಲ ಆಯ್ತು. ಬೇರೇನಾದ್ರೂ ಹಾಕು” ಎಂದರು.

ಈ ಔದಾರ್ಯವನ್ನು ಅರ್ಜಿದಾರಳು ಕೃತಜ್ಞತೆಯಿಂದ ನಿರಾಕರಿಸಿದಳು. ಬಳಿಕ ಜ್ವರವೊಂದನ್ನು ಆಲೋಚಿಸಿ, ವಿದ್ಯಾರ್ಥಿನಿಗೆ ಮಾತು ಕಲಿಸಲು ಯತ್ನಿಸಿದಳು.

“ಟೀಚರು ಕೇಳಿದ್ರೆ ಜ್ವರ ಅನ್ನು.”

“ಎಷ್ಟು ಡಿಗ್ರಿ?”

“ಅದೆಲ್ಲ ಕೇಳಲ್ಲ.”

“ಕೇಳಿದ್ರೆ? ಆಮೇಲೆ ಜ್ವರ ಬಂದವರು ಕತ್ತಿನ ಹಿಂದೆ ಸಿಪ್ಪೆ ಸುಲಿದುಕೊಂಡು ಬರ್ತಾರಾ? ವ್ಯಾನಲ್ಲಿ ಎಲ್ಲರೂ ನಮ್ಮಪ್ಪನ್ನ ಕೇಳ್ತಾರಲ್ಲ, ಅಪ್ಪನಿಗೂ ಹೇಳ್ಕೊಡ್ತೀಯಾ?”

ಚಾಲಕರಿಗೆ ಸುಳ್ಳು ಹೇಳಿಕೊಡುವುದು ಸಾಧ್ಯವಿಲ್ಲ. ಟೈರು ಪಂಚರಾಗದೆಯೇ ಪಂಚರಾಯಿತೆಂದು ಒಮ್ಮೆ ಹೇಳಲು ಹೋಗಿ ಅವರೇ ಜ್ಯಾಕ್ ತೆಗೆದುಕೊಂಡು ಇಳಿದವರು. ಆದ್ದರಿಂದ ಸುಳ್ಳಿನ ಕಡತವನ್ನು ಮುಚ್ಚಲಾಯಿತು.

೮. ಮಂಗಳವಾರ ಅರ್ಜಿದಾರಳು ಖುದ್ದಾಗಿ ತಮ್ಮ ಕಚೇರಿಗೆ ಬಂದು ಗುಮಾಸ್ತರಿಂದ ನಮೂನೆ ಪಡೆದಳು. ಅದರಲ್ಲಿ ರಜೆಗೆ ಮೂರೇ ಕಾರಣಗಳಿವೆ: ಅನಾರೋಗ್ಯ, ಮರಣ, ಇತರೆ.

“ಈ ಇತರೆ ಅಂದ್ರೆ ಏನೇನು ಬರುತ್ತೆ ಸಾರ್?”

“ಇದುವರೆಗೆ ಏನೂ ಬಂದಿಲ್ಲಮ್ಮ. ನಮೂನೆ ಅಂದ್ಮೇಲೆ ಇತರೆ ಇರಬೇಕಲ್ಲ, ಇದೆ.”

“ಸಮುದ್ರ ನೋಡೋಕೆ ಅಂತ ಬರೀಲಾ?”

ಗುಮಾಸ್ತರು ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು. “ಯಾರಾದ್ರೂ ಮುಳುಗಿದ್ರಾ?”

“ಇಲ್ಲ ಸಾರ್, ಎಲ್ಲರೂ ಚೆನ್ನಾಗಿದೀವಿ.”

“ಹಾಗಾದ್ರೆ ಕಷ್ಟ ಇದೆಯಮ್ಮ” ಎಂದು ಅವರು ನಿಜವಾದ ಮರುಕದಿಂದ ಕನ್ನಡಕ ಹಾಕಿಕೊಂಡರು.

ಅದೇ ಹೊತ್ತಿಗೆ ತಾವು ಪಡಸಾಲೆಯಲ್ಲಿ ಬಂದಿರಿ. ಅರ್ಜಿದಾರಳು ಎದ್ದು ನಿಂತು ಎರಡು ಮಾತಿನಲ್ಲಿ ವಿಷಯ ತಿಳಿಸಿದಳು. ತಾವು, “ಅಲ್ಲಮ್ಮಾ, ಹೋಗಿ ಬರಲಿ ಅಂತಲೇ ತಾನೆ ನಾವು ರಜೆ ಕೊಡೋದು? ರಜೆಯಲ್ಲಿ ಹೋಗಬಹುದಲ್ಲ?” ಎಂದು ನಗುತ್ತಾ ಹೇಳಿ, ಗಂಟೆಯಾದ್ದರಿಂದ ಮೆಟ್ಟಿಲು ಹತ್ತಿದಿರಿ. ಅರ್ಜಿದಾರಳಿಗೆ ಆಗ “ಮೇಡಂ, ಅದು” ಎಂದಷ್ಟೇ ಹೇಳಲು ಸಾಧ್ಯವಾಯಿತು. ಆ ವಾಕ್ಯದ ಉಳಿದ ಭಾಗವೇ ಈ ಅರ್ಜಿ.

೯. ತಮಗೂ ರಜೆಯಲ್ಲಿ ಸಮುದ್ರದ ಅನುಭವವಿದೆಯೆಂಬುದನ್ನು ಅರ್ಜಿದಾರಳು ಬಲ್ಲಳು. ಕಳೆದ ರಜೆಯಲ್ಲಿ ತಮ್ಮ ಕುಟುಂಬದ ಎಂಟು ಮಂದಿಯನ್ನು ಕರೆದುಕೊಂಡು ಹೋದದ್ದು ಇದೇ ಚಾಲಕರು. ತಾವು ಇಳಿಯುವಾಗ, “ಒಳಗೆ ಬ್ಯಾಗುಗಳಿವೆ, ಗಾಡಿ ಬಿಟ್ಟು ಎಲ್ಲೂ ಹೋಗಬೇಡಿ” ಎಂದಿದ್ದಿರಂತೆ. ಅವರು ಹೋಗಲಿಲ್ಲ. ಎಲ್ಲ ಪ್ರವಾಸಿಗರೂ ಹಾಗೆಯೇ ಹೇಳುತ್ತಾರೆ. ತಾವು ಮಾತ್ರ “ದಯವಿಟ್ಟು” ಎಂದು ಸೇರಿಸಿದಿರೆಂದು ಚಾಲಕರು ಮನೆಗೆ ಬಂದು ಮೆಚ್ಚಿಕೊಂಡರು.

೧೦. ಹಾಜರಾತಿಯ ಕುರಿತು ಒಂದು ಮಾತು. ವಿದ್ಯಾರ್ಥಿನಿಯು ಒಂದನೇ ತರಗತಿಯಿಂದ ಇಂದಿನವರೆಗೆ ಒಂದು ದಿನವೂ ಗೈರುಹಾಜರಾಗಿಲ್ಲ. ಇದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇಲ್ಲ. ವ್ಯಾನು ನಮ್ಮ ಬಾಗಿಲಿನಿಂದಲೇ ಹೊರಡುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎರಡನೇ ತರಗತಿಯಲ್ಲಿ ಕೆನ್ನೆ ಊದಿಕೊಂಡಾಗಲೂ ಬಂದು, ಅದನ್ನು ಮುಂದಿನ ಸಾಲಿನ ಆರು ಮಂದಿಗೆ ಹಂಚಿದ್ದಳು. ಆ ವರ್ಷವೂ ತಾವು ವೇದಿಕೆಗೆ ಕರೆದು ಪ್ರಮಾಣಪತ್ರ ಕೊಟ್ಟಿರಿ. ಆ ಆರು ಮಂದಿಗೆ ಕೊಡಲಿಲ್ಲ.

ಬೇರೆ ಮಕ್ಕಳು ಶೀತ, ಹೊಟ್ಟೆನೋವು, ಅಜ್ಜಿಯರ ಸಾವು ಎಂದು ವರ್ಷಕ್ಕೆ ಹತ್ತು ದಿನ ಸಲೀಸಾಗಿ ಖರ್ಚು ಮಾಡುತ್ತಾರೆ. ಇವಳ ಲೆಕ್ಕದಲ್ಲಿ ಮೂರು ವರ್ಷಕ್ಕೂ ಹೆಚ್ಚಿನದು ಹಾಗೆಯೇ ಉಳಿದಿದೆ. ಅದರಿಂದ ನಾಲ್ಕು ದಿನ ಮುರಿದುಕೊಡಿ ಎಂಬುದಷ್ಟೇ ಬೇಡಿಕೆ.

೧೧. ಚಾಲಕರು ಈ ಪ್ರಯಾಣಕ್ಕೆ ಬರುವುದಿಲ್ಲ. ಶಾಲೆಯ ದಿನಗಳಲ್ಲಿ ವ್ಯಾನು ಬಿಟ್ಟರೆ ಯಜಮಾನರು ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಎಂಬ ಭಯವಿದೆ. “ನೀವಿಬ್ರೂ ಬಸ್ಸಲ್ಲಿ ಹೋಗ್ಬನ್ನಿ. ನನಗೇನು ಹೊಸದಾ ಅದು? ನೂರು ಸಲ ಹೋಗಿದೀನಿ” ಎಂದು ಅವರೇ ಹೇಳಿದ್ದಾರೆ. ಅರ್ಜಿದಾರಳು ಒಪ್ಪಿದ್ದಾಳೆ. ಆದ್ದರಿಂದ ತಮ್ಮ ಮೂರನೇ ನಂಬರ್ ವ್ಯಾನಿಗೆ ಯಾವುದೇ ತೊಂದರೆಯಾಗುವುದಿಲ್ಲ.

ಈ ಎಲ್ಲ ಕಾರಣಗಳಿಂದ, ಹಾಗೂ ಈ ಕಾರಣಗಳಲ್ಲಿ ಯಾವುದೂ ಅನಾರೋಗ್ಯವಾಗಲಿ ಮರಣವಾಗಲಿ ಅಲ್ಲದ ಕಾರಣ, ಆದ್ದರಿಂದಲೇ ಅವು ‘ಇತರೆ’ ಆಗಿರುವ ಕಾರಣ, ಈ ತಿಂಗಳ ಕೊನೆಯ ವಾರದ ಸೋಮವಾರದಿಂದ ಗುರುವಾರದವರೆಗೆ ನಾಲ್ಕು ದಿನ ವಿದ್ಯಾರ್ಥಿನಿಗೆ ರಜೆ ಮಂಜೂರು ಮಾಡಬೇಕೆಂದು ಕೋರಲಾಗಿದೆ. ಶುಕ್ರವಾರ ಅವಳು ಎರಡು ಜಡೆಗಳೊಂದಿಗೆ ಹಾಜರಾಗುತ್ತಾಳೆ. ಅವಳು ಪ್ರಬಂಧವನ್ನು ಮತ್ತೊಮ್ಮೆ ಬರೆದು ಕೊಡುತ್ತಾಳೆ; ಆಗಲೂ ಹತ್ತಕ್ಕೆ ಮೂರೇ ಬಂದರೆ ಅರ್ಜಿದಾರಳು ತಕರಾರು ಮಾಡುವುದಿಲ್ಲ.

ತಾವು ಈ ಶುಕ್ರವಾರ ಸಂಜೆಯೊಳಗೆ ಹೂಂ ಎಂದರೆ ಅರ್ಜಿದಾರಳು ಮ್ಯಾನೇಜರಿಗೆ ಹೂಂ ಎನ್ನುತ್ತಾಳೆ. ತಾವು ಊಹೂಂ ಎಂದರೆ ನಮ್ಮ ಮನೆಯಲ್ಲಿ ಮೂವರ ಬೆನ್ನಿಗೂ ಒಂದೊಂದು ಕಾರ್ಡು ಸಿಗುತ್ತದೆ.

ತಮ್ಮ ಶಾಲೆಯ ಇನ್ನೂರ ಹನ್ನೆರಡು ಸೊಂಟಗಳ ಅಳತೆ ಬಲ್ಲ, ಆದರೂ ಯಾರಿಗೂ ಹೇಳದ ವಿಶ್ವಾಸಿ,
(ಸಹಿ)
ವಿದ್ಯಾರ್ಥಿನಿಯ ತಾಯಿ

ಲಗತ್ತುಗಳು:
೧. ತುಂಬಿದ ಕಾರ್ಡುಗಳು ಮೂರು, ನೆರಳಚ್ಚು ಪ್ರತಿ (ಮೂಲ ಕಾರ್ಡುಗಳನ್ನು ಕೈಗೆ ಕೊಡಲು ಚಾಲಕರು ಒಪ್ಪಲಿಲ್ಲ; ಅಂಗಡಿಯವನ ಪಕ್ಕ ನಿಂತೇ ಪ್ರತಿ ಮಾಡಿಸಿದರು).
೨. ಪ್ರಬಂಧ, ಷರಾ ಸಹಿತ.
೩. ಪೂರ್ಣ ಹಾಜರಾತಿಯ ಪ್ರಮಾಣಪತ್ರಗಳು, ಮೂರು.
೪. ‘ಇತರೆ’ ಕಾಲಂ ತುಂಬಿದ ನಮೂನೆ (‘ಹಿಂಬದಿ ನೋಡಿ’ ಎಂದು ಬರೆಯುವಷ್ಟರಲ್ಲಿ ಜಾಗ ಮುಗಿಯಿತು).
೫. ತಾವು ಕಳೆದ ರಜೆಯಲ್ಲಿ ವ್ಯಾನಿನ ಹಿಂದಿನ ಸೀಟಿನಲ್ಲಿ ಬಿಟ್ಟುಹೋದ ತಂಪು ಕನ್ನಡಕ, ಒಂದು. ಒರೆಸಲಾಗಿದೆ.

ತಿದ್ದುಪಡಿ (ಗುರುವಾರ ಬೆಳಿಗ್ಗೆ, ಲಕೋಟೆಗೆ ಅಂಟು ಹಚ್ಚಿದ ನಂತರ):

ಮಾನ್ಯರೇ, ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಡಿಸಿರುವುದರಿಂದ ಅಂಚು ಹರಿದಿದೆ. ಕಾರಣ ಈ ಕೆಳಗಿನಂತಿದೆ.

ಇಂದು ಬೆಳಿಗ್ಗೆ ಎರಡೂ ಜಡೆ ಮುಗಿದು, ಡಬ್ಬಿ ಕಟ್ಟಿಯಾಗಿತ್ತು. ಚಾಲಕರು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. ಮನೆಯಲ್ಲಿ ಹೊರಡುವ ಕಳೆ ಬಂದಿರುವುದನ್ನು ಕಂಡು ಅವರಿಗೂ ಹುರುಪು ಬಂದಿತ್ತು.

“ಏ ಪ್ರಶ್ನೆಪತ್ರಿಕೆ, ಬಾ ಇಲ್ಲಿ. ಅಲ್ಲಿ ಏನೇನು ಎಲ್ಲೆಲ್ಲಿದೆ ಅಂತ ಬರ್ಕೊಡ್ತೀನಿ. ನಿಮ್ಮಮ್ಮನಿಗೆ ದಾರಿ ಗೊತ್ತಾಗಲ್ಲ” ಎಂದು ಅಳತೆ ಪುಸ್ತಕದ ಹಾಳೆಯೊಂದನ್ನು ಹರಿದುಕೊಂಡರು. ಒಂದು ಬದಿ ತುಂಬಿತು. ಬಸ್ಸು ನಿಲ್ಲುವ ಜಾಗ, ಕುಡಿಯುವ ನೀರಿನ ನಲ್ಲಿ, ಚಿಲ್ಲರೆ ಕೊಡುವ ಅಂಗಡಿ, ಕೊಡದ ಅಂಗಡಿ, ಶೌಚಾಲಯ, ನಡುಹಗಲಿನಲ್ಲೂ ನೆರಳಿರುವ ಕಟ್ಟೆ. ಹಾಳೆ ತಿರುಗಿಸಿ ಇನ್ನೊಂದು ಬದಿಯನ್ನೂ ಅರ್ಧ ತುಂಬಿದರು. ವಿದ್ಯಾರ್ಥಿನಿಯು ಅವರ ಮೊಣಕೈಗೆ ಗಲ್ಲ ಊರಿ ಎಲ್ಲವನ್ನೂ ಓದಿದಳು. ಕೊನೆಯವರೆಗೂ ಓದಿ, ಮತ್ತೆ ಮೊದಲ ಬದಿಗೆ ತಿರುಗಿಸಿ, ಏನನ್ನೋ ಹುಡುಕಿದಳು. ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ.

ಅರ್ಜಿದಾರಳು ತಯಾರಿಸಿಟ್ಟುಕೊಂಡಿದ್ದ ನಾಲ್ಕು ಉತ್ತರಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಪ್ರಶ್ನೆ ಅವಳಿಗಾಗಿ ಇರಲೇ ಇಲ್ಲ. ಪ್ರಶ್ನೆ ಕೇಳಿಸಿಕೊಂಡ ಚಾಲಕರು ವ್ಯಾನಿನ ಕೀ ಹುಡುಕತೊಡಗಿದರು. ಯಂತ್ರದ ಮೇಲೆ, ಥಾನಿನ ಕೆಳಗೆ, ಕಿಟಕಿಯಲ್ಲಿ. ಕೀ ಅವರ ಎಡಗೈ ಬೆರಳಿನಲ್ಲಿತ್ತು. ಏಳು ಗಂಟೆಯಾಗಿ ನಾಲ್ಕು ನಿಮಿಷವಾದರೂ ಹೊರಡಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮೂರನೇ ನಂಬರ್ ವ್ಯಾನು ತಡವಾದದ್ದು ಇದೇ ಮೊದಲು. ಈ ದಿನ ಗಂಟೆಯಾದ ಮೇಲೆ ಬಂದ ಮಕ್ಕಳನ್ನು ತಾವು ಹೊರಗೆ ನಿಲ್ಲಿಸಿದ್ದರೆ, ತಪ್ಪು ಅವರದಲ್ಲ.

ಆದ್ದರಿಂದ ಅರ್ಜಿಯನ್ನು ಹೀಗೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ:

(ಅ) ವಿಷಯದಲ್ಲಿ ‘ಒಬ್ಬ ವಿದ್ಯಾರ್ಥಿನಿಗೆ’ ಎಂದಿರುವಲ್ಲಿ ‘ಒಬ್ಬ ವಿದ್ಯಾರ್ಥಿನಿ ಹಾಗೂ ಒಬ್ಬ ಚಾಲಕರಿಗೆ’ ಎಂದು ಓದಿಕೊಳ್ಳುವುದು.

(ಆ) ಹನ್ನೊಂದನೆಯ ಅಂಶವನ್ನು ಪೂರ್ತಿ ಹೊಡೆದುಹಾಕುವುದು. ಅರ್ಜಿದಾರಳು ಅದನ್ನು ಒಪ್ಪಿಕೊಂಡದ್ದು ತಪ್ಪು. ಅವಳಿಗೆ ಇದು ಹನ್ನೊಂದು ವರ್ಷ ಹೊಳೆದಿರಲಿಲ್ಲ.

(ಇ) ಆ ನಾಲ್ಕು ದಿನ ವ್ಯಾನು ಓಡಿಸಲು ಅರ್ಜಿದಾರಳ ಅಣ್ಣ ಒಪ್ಪಿದ್ದಾರೆ. ಅವರು ನೀರಿನ ಟ್ಯಾಂಕರ್ ಚಾಲಕರು. ಮಕ್ಕಳಿಗಿಂತ ನೀರು ಹೆಚ್ಚು ಅಲುಗಾಡುವುದರಿಂದ ಅವರ ಅನುಭವ ಸಾಕಾಗುತ್ತದೆ. ಈ ಬದಲಿ ವ್ಯವಸ್ಥೆಗಾಗಿ ಚಾಲಕರನ್ನು ಕೆಲಸದಿಂದ ತೆಗೆಯಬಾರದೆಂದು ವ್ಯಾನಿನ ಯಜಮಾನರಿಗೆ ತಾವೇ ಒಂದು ಮಾತು ಹೇಳಬೇಕು. ತಾವು ಹೇಳಿದರೆ ಅವರು ಕೇಳುತ್ತಾರೆ. “ದಯವಿಟ್ಟು” ಸೇರಿಸಿದರೆ ಇನ್ನೂ ಒಳ್ಳೆಯದು.

(ಈ) ಲಗತ್ತುಗಳ ಪಟ್ಟಿಗೆ ಆರನೆಯದಾಗಿ, ವಿದ್ಯಾರ್ಥಿನಿಯು ಇಂದು ಬೆಳಿಗ್ಗೆ ಏಳಕ್ಕೆ ಮೂರು ನಿಮಿಷವಿರುವಾಗ ಚಾಲಕರನ್ನು ಕೇಳಿದ ಪ್ರಶ್ನೆಯನ್ನು ಸೇರಿಸಿಕೊಳ್ಳುವುದು. ಅದನ್ನು ಒಂದಕ್ಷರವೂ ತಿದ್ದದೆ ಇಲ್ಲಿ ಕೊಡಲಾಗಿದೆ:

“ಅಪ್ಪಾ, ನೀನು ಗಾಡಿ ಬಿಟ್ಟು ಇಳಿದುಹೋಗಿ ಒಂದ್ಸಲನಾದ್ರೂ ಸಮುದ್ರ ನೋಡಿದೀಯಾ?”